ಮೂರನೇ ಸಿಲಿಂಡರು

ಡಿಸೆಂಬರ್ ೩, ಬುಧವಾರ

ಬೆಳಗ್ಗೆ ಗ್ಯಾರೇಜಿನ ಶಟರ್ ಎತ್ತುವಾಗಲೇ ಬಾಗಿಲಲ್ಲಿ ಬೂದು ಬಣ್ಣದ ಹಳೇ ಕಾರೊಂದು ನಿಂತಿತ್ತು. ಹಿಂದಿನ ಸೀಟು ಕಿತ್ತುಹಾಕಿ ಹಲಗೆಯ ಅಟ್ಟಣೆ ಕಟ್ಟಿದ್ದಾನೆ. ಒಳಗೆಲ್ಲ ಕೋಳಿಮರಿಯ ವಾಸನೆ. ಇಳಿದವನಿಗೆ ನಲವತ್ತೈದು ಇರಬಹುದು. ಕಡ್ಡಿಯಂಥ ಮೈ, ಕುತ್ತಿಗೆಗೆ ಎರಡು ಸುತ್ತು ಮಫ್ಲರು. ಬಾಯಿ ತೆರೆದ. "ಬೆ… ಬೆ… ಬೆ…" ಅಂತ ನಿಂತುಬಿಟ್ಟ. ಕಣ್ಣು ಮುಚ್ಚಿದ, ಕತ್ತಿನ ನರ ಉಬ್ಬಿತು, ಮಾತು ಮಾತ್ರ ಹೊರಗೆ ಬರಲಿಲ್ಲ. ನನಗೋ ಒಳಗೆ ಎರಡು ಕ್ಲಚ್ ಕೆಲಸ ಕಾದು ಕೂತಿವೆ.

"ಬೆಳಗ್ಗೆ ಹೊತ್ತು ಸರಿಯಾಗಿ ಸ್ಟಾರ್ಟ್ ಆಗಲ್ಲ, ಅಲ್ವಾ?" ಅಂದೆ. ತಲೆಯಾಡಿಸಿದ.

"ಸ್ಟಾರ್ಟ್ ಆದ್ರೂ ಗಡಗಡ ನಡುಗುತ್ತೆ. ಎರಡು ನಿಮಿಷ ಬಿಟ್ಟು ತಾನೇ ಸರಿಹೋಗುತ್ತೆ. ಚಳಿ ಜಾಸ್ತಿ ಇದ್ದಷ್ಟೂ ಜಾಸ್ತಿ." ಅದಕ್ಕೂ ತಲೆಯಾಡಿಸಿದ.

ಇಪ್ಪತ್ತಾರು ವರ್ಷದಿಂದ ಗಿರಾಕಿಗಳ ಅರ್ಧ ಮಾತಿಗೇ ರೋಗ ಹೇಳಿದವಳು ನಾನು. ನಿನ್ನ ಬಾಯಿಗೆ ಬ್ರೇಕ್ ಇಡೋದನ್ನ ದೇವರು ಮರೆತ ಅಂತ ಅಪ್ಪ ಅನ್ನುತ್ತಿದ್ದರು. ಬ್ರೇಕ್ ಇಟ್ಟುಕೊಂಡು ಈ ಗ್ಯಾರೇಜು ನಡೆಸೋಕಾಗುತ್ತಾ?

ಬ್ಯಾಟರಿ ನೋಡಿದೆ, ಚೆನ್ನಾಗಿದೆ. ಪ್ಲಗ್ ನಾಲ್ಕೂ ಬಿಚ್ಚಿದೆ. ಮೂರು ಮಸಿ ಹಿಡಿದಿದ್ದವು, ಮೂರನೇ ಸಿಲಿಂಡರಿನದು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗಿತ್ತು. ಒಂದಾದರೂ ಚೆನ್ನಾಗಿದೆಯಲ್ಲ ಅಂದುಕೊಂಡು ನಾಲ್ಕನ್ನೂ ಬದಲಾಯಿಸಿದೆ. ಎಂಜಿನ್ನಿಗೆ ನೀರು ಕೊಡುವ ಬಾಟಲಿ ನೋಡಿದೆ, ಎರಡು ಗೆರೆಯ ನಡುವೆಯೇ ಇತ್ತು. ಕಾರು ಗುಂಡಿನ ಹಾಗೆ ಸ್ಟಾರ್ಟ್ ಆಯಿತು. ಹೊರಡುವ ಮುಂಚೆ ಮತ್ತೆ ಏನೋ ಹೇಳಲು ಬಂದ. "ನೀ… ನೀ…" "ನೀವು ಚೆನ್ನಾಗಿ ಮಾಡಿದ್ರಿ ಅಂತ ತಾನೆ? ಇರಲಿ ಇರಲಿ," ಅಂತ ಕಳಿಸಿಕೊಟ್ಟೆ.

ಡಿಸೆಂಬರ್ ೫, ಶುಕ್ರವಾರ

ಕೋಳಿಮರಿ ವಾಪಸ್. ಇವತ್ತು ಬೆಳಗ್ಗೆ ಮೊದಲಿನ ಹಾಗೇ ಆಯಿತಂತೆ. ಅಂತೆ ಅಂದರೆ, ನಾನು ಕೇಳಿದೆ, ಅವನು ತಲೆಯಾಡಿಸಿದ. ಹನ್ನೊಂದೂವರೆಗೆ ನನ್ನೆದುರು ಕಾರು ಸಾಧು ಹಸುವಿನ ಹಾಗೆ ನಿಂತಿತ್ತು. ಹತ್ತು ಸಲ ಆರಿಸಿ ಹತ್ತು ಸಲ ಹಚ್ಚಿದೆ. ಹತ್ತೂ ಸಲ ಒಂದೇ ಏಟಿಗೆ. ಡಾಕ್ಟರ್ ಮುಂದೆ ನೋವು ಮಾಯವಾಗುವ ರೋಗಿಯನ್ನು ಏನು ಮಾಡೋದು?

ಕಿಡಿ ಕೊಡುವ ಕಾಯಿಲ್ ಬದಲಿಸಿ ಕಳಿಸಿದೆ. ಟೈರು ನೋಡಿಕೊಳ್ಳುವ ನನ್ನ ತಮ್ಮ, "ಅಕ್ಕಾ, ಕಾಯಿಲ್ ಕೆಟ್ಟಿತ್ತಾ?" ಅಂತ ಕೇಳಿದ. "ನಿನ್ನ ಕೆಲಸ ನೋಡ್ಕೋ," ಅಂದೆ.

ಡಿಸೆಂಬರ್ ೮, ಸೋಮವಾರ

ಇವತ್ತು ಮತ್ತೆ ಬಂದ. ಮೊಟ್ಟೆ ಮರಿಮಾಡಿಸುವ ಹ್ಯಾಚರಿಯಿಂದ ಒಂದು ದಿನದ ಮರಿಗಳನ್ನು ದೂರದ ಫಾರ್ಮುಗಳಿಗೆ ಮುಟ್ಟಿಸುವ ಕೆಲಸವಂತೆ ಅವನದು. ಅದನ್ನೂ ಅವನು ಹೇಳಲಿಲ್ಲ, ಡ್ಯಾಶ್‌ಬೋರ್ಡಿನ ಮೇಲಿದ್ದ ಚೀಟಿಗಳಿಂದ ನಾನೇ ಓದಿಕೊಂಡೆ. ಮರಿ ಇರುವ ದಿನ ಸೂರ್ಯ ಹುಟ್ಟುವ ಮುಂಚೆ ಹೊರಟು ಸಂಜೆಯವರೆಗೆ ಓಡುತ್ತಾನೆ.

ಇವತ್ತು ಬಾಯಿ ಬಿಟ್ಟ. "ಭಾ… ಭಾನು… ಭಾನುವಾರ ನೀ…"

"ಭಾನುವಾರ ಗ್ಯಾರೇಜಿಗೆ ರಜ," ಅಂದೆ.

ಕೈ ಅಡ್ಡ ಆಡಿಸಿದ, ಅದಲ್ಲ ಅನ್ನೋ ಹಾಗೆ. ಅಷ್ಟರಲ್ಲಿ ಕ್ಲಚ್ ಗಿರಾಕಿ ಹಾರ್ನ್ ಹೊಡೆದ, ನಾನು ಅತ್ತ ಓಡಿದೆ. ತಿರುಗಿ ಬಂದಾಗ ಅವನು ಬಾನೆಟ್ಟಿನ ಪಕ್ಕ ಮಫ್ಲರಿನ ತುದಿ ಹಿಂಡುತ್ತಾ ನಿಂತಿದ್ದ.

ಎಂಜಿನ್ ಎಷ್ಟು ತಣ್ಣಗಿದೆ ಅಂತ ತಿಳಿಸುವ ಸೆನ್ಸರ್ ಹೊಸದು ಹಾಕಿದೆ. ಅದು ಸುಳ್ಳು ಹೇಳಿದರೆ ಚಳಿಗೆ ಬೇಕಾದಷ್ಟು ಪೆಟ್ರೋಲ್ ಹೋಗೋದಿಲ್ಲ. ಇದೇ, ಇದರಲ್ಲಿ ಸಂಶಯವೇ ಇಲ್ಲ. ಅಪ್ಪನಾಣೆ.

ಡಿಸೆಂಬರ್ ೯, ಮಂಗಳವಾರ

ಅಪ್ಪನ ಆಣೆ ಇಡಬಾರದಿತ್ತು.

ಡಿಸೆಂಬರ್ ೧೦, ಬುಧವಾರ

ಕಾರು ನಿನ್ನೆ ಮಧ್ಯಾಹ್ನದಿಂದ ನನ್ನ ಶೆಡ್ಡಿನಲ್ಲೇ ಇತ್ತು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆದು, ಉಸಿರು ಬಿಗಿಹಿಡಿದು ಕೀ ತಿರುಗಿಸಿದೆ. ಶುರುವಾಯಿತು. ನಡುಗಲಿಲ್ಲ, ಕೆಮ್ಮಲಿಲ್ಲ, ಒಂದು ಸೀನೂ ಇಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ಕಾರು ಸ್ಟಾರ್ಟ್ ಆದದ್ದಕ್ಕೆ ಯಾವ ಮೆಕ್ಯಾನಿಕ್ ಸಿಟ್ಟಾಗುತ್ತಾಳೆ, ಹೇಳಿ?

ಕೊಟ್ಟು ಕಳಿಸಿದೆ. "ಓಡಿಸೋ ರೀತಿ ಸರಿಮಾಡ್ಕೊಳ್ಳಿ, ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ತುಳೀಬೇಡಿ," ಅಂತ ಬುದ್ಧಿ ಬೇರೆ ಹೇಳಿದೆ. ತುಳಿಯೋದಿಲ್ಲ ಅಂತ ತಲೆಯಾಡಿಸಿದ. ನಾನು ನಂಬಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನೋ ಗಾದೆ ಮನೆಗೆ ಹೋಗುವ ದಾರಿಯಲ್ಲಿ ನೆನಪಾಯಿತು. ನೆನಪಾಗಬಾರದಿತ್ತು.

ಡಿಸೆಂಬರ್ ೧೨, ಶುಕ್ರವಾರ

ಮರಿಗಳು ಸತ್ತವು.

ನಮ್ಮ ಬೆಟ್ಟದೂರಿನಲ್ಲಿ ಇವತ್ತು ಬೆಳಗ್ಗೆ ಗಾಜಿನ ಮೇಲೆ ಹಿಮ ಹರಳುಗಟ್ಟಿತ್ತು. ರಾತ್ರಿ ಕಾರು ಹ್ಯಾಚರಿಯಲ್ಲೇ ನಿಂತಿತ್ತಂತೆ. ಕಾರು ದಾರಿಯ ಮಧ್ಯೆ ನಿಂತರೆ ಕಷ್ಟ ಅಂತ ಹ್ಯಾಚರಿಯ ಅಂಗಳದಲ್ಲೇ ಎಂಜಿನ್ ನೆಟ್ಟಗಾಗಲಿ ಎಂದು ಕಾದನಂತೆ. ನೆಟ್ಟಗಾಗಲಿಲ್ಲ, ಆರಿತು. ಮತ್ತೆ ಹಚ್ಚಿದ, ಮತ್ತೆ ಆರಿತು. ಹೀಟರಿನಿಂದ ಬರೋದೂ ತಣ್ಣನೆ ಗಾಳಿಯೇ. ಅಟ್ಟಣೆಯ ಮೇಲೆ ಆರು ಪೆಟ್ಟಿಗೆ ಮರಿ, ಒಂದೊಂದರಲ್ಲಿ ನೂರು. ತಳದ ಪೆಟ್ಟಿಗೆಯವು ಶಾಖಕ್ಕೆ ಒಂದರ ಮೇಲೊಂದು ಏರಿ ಮೂಲೆಯಲ್ಲಿ ಒತ್ತಿಕೊಂಡು ಅಲ್ಲೇ ಹೋದವು. ಇದನ್ನೆಲ್ಲ ಹ್ಯಾಚರಿಯ ಮೇಲ್ವಿಚಾರಕ ನನಗೆ ಫೋನಿನಲ್ಲಿ ಹೇಳಿದ. "ಇನ್ನೊಂದು ಸಲ ಹೀಗಾದ್ರೆ ಅವನನ್ನ ಬಿಟ್ಟು ಬೇರೆ ಗಾಡಿ ನೋಡ್ತೀವಿ," ಅಂದ. ಇದನ್ನು ನನಗೆ ಯಾಕೆ ಹೇಳುತ್ತಿದ್ದೀರಿ ಅಂದೆ. "ರಿಪೇರಿ ನೀವೇ ತಾನೆ ಮಾಡಿದ್ದು?"

ಸಂಜೆ ಅವನೇ ಬಂದ. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಅಂದು ಹಗುರಾಗುತ್ತಿದ್ದೆ. ಕಾರಿನ ಹಿಂದಿನ ಬಾಗಿಲು ತೆರೆದು ಖಾಲಿ ಪೆಟ್ಟಿಗೆಗಳನ್ನು ಒಂದರೊಳಗೊಂದು ಸೇರಿಸುತ್ತಾ ನಿಂತ. ಒಂದು ಪೆಟ್ಟಿಗೆಯ ತೂತಿಗೆ ಹಳದಿ ತುಪ್ಪಳ ಅಂಟಿತ್ತು.

ಊಟ ಸೇರಲಿಲ್ಲ.

ಡಿಸೆಂಬರ್ ೧೫, ಸೋಮವಾರ

ಎರಡು ದಿನ, ರಜದ ಭಾನುವಾರವೂ ಸೇರಿ, ಆ ಕಾರೊಂದನ್ನೇ ಹಿಡಿದು ಕೂತೆ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೊಳೆದೆ, ಗಾಳಿ ಹೋಗುವ ಕೊಳವೆ ಬಿಚ್ಚಿ ಉಜ್ಜಿದೆ, ನಾಲ್ಕು ಸಿಲಿಂಡರಿನ ಒತ್ತಡ ಅಳೆದೆ. ಬಿಸಿ ಎಂಜಿನ್ನಿನಲ್ಲಿ ನಾಲ್ಕೂ ಒಂದೇ ಸಮ. ಬಾಟಲಿಯಲ್ಲಿ ನೀರು ಎರಡು ಗೆರೆಯ ನಡುವೆಯೇ. ನೆಲದ ಮೇಲೆ ಒಂದು ಹನಿ ಸೋರಿಕೆ ಇಲ್ಲ. ಪುಸ್ತಕದಲ್ಲಿ ಇರೋದೆಲ್ಲ ಮಾಡಿ ನಿನ್ನೆ ಸಂಜೆ ಕಾರು ಕೊಟ್ಟು ಕಳಿಸಿದೆ.

ಇವತ್ತು ಬೆಳಗ್ಗೆ ಅದೇ ಕಥೆ. ಒಂಬತ್ತಕ್ಕೆ ಬಂದು ನನ್ನೆದುರು ನಿಂತ. "ನೀ… ನಾ… ನಾನು ನೀ…"

ಯಾವ ದೆವ್ವ ಹೊಕ್ಕಿತ್ತೋ. "ನೀವು ಮಾಡಿದ್ದು ತಪ್ಪು ಅಂತೀರಾ? ಅಂದುಬಿಡಿ! ನೀವು ಮೋಸ ಮಾಡಿದ್ರಿ ಅಂತೀರಾ? ಅದನ್ನೂ ಅಂದುಬಿಡಿ! ಊರಲ್ಲಿ ಬೇರೆ ಗ್ಯಾರೇಜ್ ಇಲ್ವಾ? ಅಲ್ಲಿಗೆ ಹೋಗಿ!" ಅಂತ ಕೂಗಾಡಿಬಿಟ್ಟೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಅವನ ಬಾಯಿ ತೆರೆದದ್ದು ತೆರೆದೇ ಇತ್ತು. ಆಮೇಲೆ ಮುಚ್ಚಿತು. ಕೀ ತೆಗೆದುಕೊಂಡು ಹೋದ.

ತಮ್ಮ ಬೀದಿಯವರೆಗೆ ಅವನ ಹಿಂದೆ ಹೋಗಿ ಬಂದ. ನನಗೆ ಅದೇ ದೊಡ್ಡ ಬೈಗುಳ.

ಡಿಸೆಂಬರ್ ೧೬, ಮಂಗಳವಾರ

ಗಂಟಲು ಕೆರೆತ. ನಿನ್ನೆ ಕೂಗಾಡಿದ್ದಕ್ಕೆ ಇರಬೇಕು.

ಡಿಸೆಂಬರ್ ೧೮, ಗುರುವಾರ

ದನಿ ಪೂರ್ತಿ ಹೋಯಿತು. ಬಾಯಿ ತೆರೆದರೆ ಪಂಕ್ಚರ್ ಆದ ಟೈರಿನ ಸದ್ದು. ಗಂಟಲಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಒಂದು ವಾರ ಒಂದು ಮಾತೂ ಆಡಬಾರದು. ಪಿಸುಮಾತು ಕೂಡ ಬೇಡ, ಅದು ಇನ್ನೂ ಕೆಟ್ಟದ್ದು," ಅಂದರು. ಒಂದು ವಾರ! ಇವರು ಪಕ್ಕದಲ್ಲೇ ನಿಂತಿದ್ದರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಇವರ ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ. "ಡಾಕ್ಟ್ರೇ, ಎರಡು ವಾರ ಬೇಕಾದ್ರೂ ಪರವಾಗಿಲ್ಲ, ಪೂರ್ತಿ ವಾಸಿಯಾಗ್ಲಿ," ಅಂದರು.

ಕುತ್ತಿಗೆಗೆ ದಾರ ಕಟ್ಟಿ ಒಂದು ಚಿಕ್ಕ ಪುಸ್ತಕ, ಒಂದು ಪೆನ್ಸಿಲ್ಲು ತೂಗುಹಾಕಿಕೊಂಡಿದ್ದೇನೆ. ಮೂರು ಸಾಲು ಬರೆಯುವಷ್ಟರಲ್ಲಿ ಗಿರಾಕಿ ಎಂಟು ಮಾತು ಆಡಿರುತ್ತಾನೆ. ಕೈಯೂ ಕೆಸರು, ಬಾಯಿಗೂ ಬೀಗ.

ಡಿಸೆಂಬರ್ ೧೯, ಶುಕ್ರವಾರ

ಗ್ಯಾರೇಜಿನಲ್ಲಿ ಏನೂ ಸದ್ದಿಲ್ಲ! ಶೆಡ್ಡಿನ ತಗಡು ಬಿಸಿಲಿಗೆ ಟಿಕ್ ಟಿಕ್ ಅನ್ನೋದು ಇಷ್ಟು ವರ್ಷ ಕೇಳಿಸಿಯೇ ಇರಲಿಲ್ಲ. ಅದೂ ಒಂದು ತಲೆನೋವು.

ಆ ಕಾರು ತಲೆಯಿಂದ ಇಳಿಯುತ್ತಿಲ್ಲ. ಬೇರೆ ಗ್ಯಾರೇಜಿಗೂ ಹೋಗಿಲ್ಲವಂತೆ. ತಮ್ಮ ನೋಡಿಕೊಂಡು ಬಂದ. ಅವನು ದಿನಾ ಒಂದು ಗಂಟೆ ಮುಂಚೆ ಎದ್ದು ಕಾರಿನ ಜೊತೆ ಗುದ್ದಾಡುತ್ತಾನಂತೆ. ಶೆಡ್ಡಿನಲ್ಲಿ ಕೂತು ಹುಡುಕಿದ್ದು ಸಾಕು. ನಾಳೆ ಬೆಳಗ್ಗೆ ಅವನ ಮನೆಗೇ ಹೋಗಿ, ಕಾಯಿಲೆ ಬರುವಾಗಲೇ ಹಿಡಿಯಬೇಕು. ಹೇಗೂ ಏನೂ ಕೇಳೋಕಾಗಲ್ಲ. ನೋಡೋದಾದರೂ ನೋಡಬಹುದು.

ಡಿಸೆಂಬರ್ ೨೦, ಶನಿವಾರ

ಆರು ಗಂಟೆಗೆ ಅವನ ಮನೆ ಮುಂದೆ ನಿಂತಿದ್ದೆ. ಇಳಿಜಾರು ಬೀದಿಯ ಕೊನೇ ಮನೆ. ಬಾಗಿಲು ತೆರೆದವನು ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ನಾನು ಪುಸ್ತಕ ಎತ್ತಿ ತೋರಿಸಿದೆ. "ದನಿ ಇಲ್ಲ. ಕಾರು ಹಚ್ಚಿ. ಮೊನ್ನೆ ಕೂಗಿದ್ದಕ್ಕೆ ಕ್ಷಮಿಸಿ." ಕೊನೆಯ ಸಾಲನ್ನು ಮನೆಯಲ್ಲೇ ಬರೆದು ತಂದಿದ್ದೆ. ಅವನ ಹೆಂಡತಿ ಒಳಗಿಂದ ಬಿಸಿ ನೀರಿಗೆ ಶುಂಠಿ ಜಜ್ಜಿ ಹಾಕಿ ತಂದುಕೊಟ್ಟಳು.

ಕೀ ತಿರುಗಿಸಿದ. ಆಹಾ, ಕೊನೆಗೂ ದರ್ಶನವಾಯಿತು! ಮೂರು ಕಾಲಿನ ಕುದುರೆ ಓಡಿದ ಹಾಗೆ ಕಾರು ಕುಂಟತೊಡಗಿತು. ಸ್ಟೀರಿಂಗ್, ಸೀಟು, ನನ್ನ ಹಲ್ಲು ಎಲ್ಲ ಅದುರಿದವು. ಹಿಂದೆ ಬಿಳೀ ಹೊಗೆ. ಚಳಿಗೆ ಎಲ್ಲ ಕಾರೂ ಹೊಗೆ ಬಿಡುತ್ತವೆ, ನನ್ನ ಬಾಯಿಯಿಂದಲೂ ಬರುತ್ತಿತ್ತು, ಹಾಗಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ಇಬ್ಬರೂ ಒಳಗೆ ಕೂತು ಅದು ಬಿಸಿಯಾಗಲಿ ಎಂದು ಕಾದೆವು.

ಅವನು ನನ್ನ ಕಡೆ ತಿರುಗಿದ. "ನೀ…" ಅಂದ.

ಉತ್ತರ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಗಂಟಲು ಒಪ್ಪಬೇಕಲ್ಲ! ಪೆನ್ಸಿಲ್ ಹುಡುಕಿದೆ, ಸೀಟಿನ ಸಂದಿಯಲ್ಲಿ ಬಿದ್ದಿತ್ತು. ಅವನು ಇನ್ನೂ ಅಲ್ಲೇ ನಿಂತಿದ್ದ, ಅದೇ ಅಕ್ಷರದ ಮೇಲೆ. ಗಾಜಿನ ಮೇಲಿನ ಹಿಮ ಕರಗಿ ಒಂದು ಹನಿ ಮೇಲಿಂದ ಹೊರಟಿತು. ನಿಧಾನವಾಗಿ ಇಳಿದು, ಮಧ್ಯೆ ಒಂದು ಕಡೆ ನಿಂತು, ಮತ್ತೆ ಹೊರಟು ಕೆಳಗಿನ ರಬ್ಬರು ಮುಟ್ಟಿತು.

"ನೀರು," ಅಂದ. "ನೀರು ಹಾಕ್ತೀನಿ ಅಕ್ಕಾ. ಪ್ರತಿ ಭಾನುವಾರ, ಆ ಬಾಟಲಿಗೆ. ಒಂದು ಲೋಟ ಕಮ್ಮಿ ಆಗಿರುತ್ತೆ."

ಶುಂಠಿ ನೀರು ಮಡಿಲ ಮೇಲೆ ಚೆಲ್ಲಿಕೊಂಡೆ.

ಪ್ರತಿ ಭಾನುವಾರ ಒಂದು ಲೋಟ! ನಾನು ನೋಡಿದಾಗಲೆಲ್ಲ ಎರಡು ಗೆರೆಯ ನಡುವೆಯೇ ಇತ್ತು, ಯಾಕೆಂದರೆ ಈ ಮನುಷ್ಯ ವಾರ ವಾರ ಅಚ್ಚುಕಟ್ಟಾಗಿ ತುಂಬಿಸುತ್ತಿದ್ದ. ನೆಲದ ಮೇಲೆ ಸೋರಿಕೆ ಇಲ್ಲ. ಹಾಗಾದರೆ ನೀರು ಹೋಗುತ್ತಿರೋದು ಒಳಗೆ. ಎಂಜಿನ್ನಿನ ತಲೆಯ ಕೆಳಗೆ ಕೂರುವ ತೆಳು ಪದರ, ಗ್ಯಾಸ್ಕೆಟ್, ಎಲ್ಲೋ ಸವೆದಿದೆ. ದಿನವಿಡೀ ಓಡಿ ಕುದಿಯುತ್ತಾ ಬಂದು ನಿಂತ ಮೇಲೆ, ಒಳಗಿನ ಒತ್ತಡಕ್ಕೆ ನೀರು ಆ ಸಂದಿಯಿಂದ ಒಂದು ಸಿಲಿಂಡರಿಗೆ ಜಿನುಗುತ್ತದೆ. ಬೆಳಗ್ಗೆ ಅಲ್ಲಿ ಕಿಡಿ ಹತ್ತೋದಿಲ್ಲ, ಉಳಿದ ಮೂರರ ಮೇಲೇ ಕುಂಟುತ್ತದೆ. ಆ ನೀರು ಆವಿಯಾಗಿ ಹೋದ ಮೇಲೆ ಸರಿ. ನನ್ನ ಶೆಡ್ಡಿನಲ್ಲಿ ಸುಮ್ಮನೆ ಮಲಗಿದ್ದ ಕಾರಿಗೆ ಒತ್ತಡ ಎಲ್ಲಿಂದ ಬರಬೇಕು? ತೊಳೆದಿಟ್ಟ ಹಾಗಿದ್ದ ಮೂರನೇ ಪ್ಲಗ್ಗನ್ನು ಆವಿಯೇ ತೊಳೆದಿತ್ತು. ಅದನ್ನು ಕೈಯಲ್ಲಿ ಹಿಡಿದು ನೋಡಿ ಕಸಕ್ಕೆ ಎಸೆದವಳು ನಾನು.

ಪೆನ್ಸಿಲ್ಲಿನ ಮೊನೆ ಮುರಿಯುವ ಹಾಗೆ ಒತ್ತಿ ಬರೆದೆ: "ಇದನ್ನ ಮೊದಲೇ ಹೇಳಬಾರದಿತ್ತಾ?"

ಪಕ್ಕದಲ್ಲಿ ಕೂತಿದ್ದವರು ಓದಿದರು. ಮೂರು ಬೆರಳು ಎತ್ತಿ ತೋರಿಸಿದರು. ಮುಖದಲ್ಲಿ ಕೋಪವೇನೂ ಇರಲಿಲ್ಲ.

ಮೊದಲ ಬುಧವಾರ ಒಂದು. ಆಮೇಲಿನ ಸೋಮವಾರ ಒಂದು. ಕೂಗಾಡಿದ ದಿನ ಒಂದು. ಸರಿಯಾಗಿಯೇ ಇದೆ.

ಡಿಸೆಂಬರ್ ೨೨, ಸೋಮವಾರ

ನಿನ್ನೆ ಭಾನುವಾರ, ಆದರೂ ಶಟರ್ ಎತ್ತಿದೆ. ಸಂಜೆ ನೀರಿನ ದಾರಿಗೆ ಕೈಪಂಪಿನಿಂದ ಒತ್ತಡ ಕೊಟ್ಟು ಬಿಟ್ಟೆವು. ಇವತ್ತು ಬೆಳಗ್ಗೆ ನಾಲ್ಕೂ ಪ್ಲಗ್ ಬಿಚ್ಚಿ ಎಂಜಿನ್ ತಿರುಗಿಸಿದರೆ ಮೂರನೇ ತೂತಿನಿಂದ ಪಿಚಕಾರಿ! ತಮ್ಮನ ಅಂಗಿಯೆಲ್ಲ ಒದ್ದೆ. ಬೇಕಂತಲೇ ಅವನನ್ನು ಅಲ್ಲಿ ನಿಲ್ಲಿಸಿರಲಿಲ್ಲ. ಹಾಗಂತ ಬೇಸರವೂ ಇಲ್ಲ.

ಡಿಸೆಂಬರ್ ೨೪, ಬುಧವಾರ

ಎಂಜಿನ್ನಿನ ತಲೆ ಬಿಚ್ಚಿದೆ. ಎರಡು ಬೋಲ್ಟು ತುಕ್ಕು ಹಿಡಿದು ಅರ್ಧ ದಿನ ತಿಂದವು, ಬೈಯೋಣ ಅಂದರೆ ದನಿ ಇಲ್ಲ. ಬಾಯಿಬಿಟ್ಟು ಬೈಯದೆ ತುಕ್ಕು ಬೋಲ್ಟು ಬಿಚ್ಚಿದ್ದು ಜೀವಮಾನದಲ್ಲಿ ಇದೇ ಮೊದಲು.

ಗ್ಯಾಸ್ಕೆಟ್ಟಿನಲ್ಲಿ ಮೂರನೇ ಸಿಲಿಂಡರಿನ ಅಂಚಿಗೆ ಗೆದ್ದಲು ತಿಂದ ಹಾಗೆ ಒಂದು ಸಣ್ಣ ಗೆರೆ, ಉಗುರಿನಷ್ಟೂ ಇಲ್ಲ. ಕಾರಿನವರು ಬಂದಿದ್ದರು. ಅದನ್ನು ಅವರ ಅಂಗೈ ಮೇಲೆ ಇಟ್ಟು ತೋರಿಸಿದೆ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರಿಗೆ ಮರಿಗಳ ನೆನಪಾಗಿರಬೇಕು. ನನಗೂ ಆಯಿತು.

"ಪ್ಲಗ್, ಕಾಯಿಲ್, ಸೆನ್ಸರ್ ಯಾವುದೂ ಬೇಕಿರಲಿಲ್ಲ. ತಪ್ಪು ನನ್ನದು. ಈ ಕೆಲಸಕ್ಕೆ ಕೂಲಿ ಇಲ್ಲ. ಹ್ಯಾಚರಿಯವರಿಗೂ ಇದನ್ನೇ ಬರೆದು ಕೊಡ್ತೀನಿ," ಅಂತ ಬರೆದು ತೋರಿಸಿದೆ. ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. "ಬರೆದು ಕೊಡಿ ಅಕ್ಕಾ, ಇವತ್ತೇ ಕೊಡಿ," ಅಂದರು. ಹಾಗೆ ಹೇಳಿದ್ದೇ ಒಳ್ಳೆಯದಾಯಿತು. ಕಾಗದದ ಮೇಲೆ ಗ್ಯಾರೇಜಿನ ಮೊಹರು ಒತ್ತಿ ಕೊಟ್ಟೆ. ಇಪ್ಪತ್ತಾರು ವರ್ಷದಲ್ಲಿ ತಪ್ಪು ನನ್ನದು ಅಂತ ಮೊಹರು ಒತ್ತಿ ಕೊಟ್ಟದ್ದು ಇದೊಂದೇ.

ಡಿಸೆಂಬರ್ ೨೭, ಶನಿವಾರ

ದನಿ ಬಂತು. ಒಡೆದ ಮಡಕೆಯ ಹಾಗಿದೆ, ಆದರೂ ನನ್ನದೇ.

ತಲೆಯನ್ನು ಮಟ್ಟ ಮಾಡಲು ಲೇತ್ ಅಂಗಡಿಗೆ ಕೊಟ್ಟಿದ್ದೆ. ಲೇತಿನವನು ನಾಳೆ, ನಾಳಿದ್ದು ಅಂತ ಆಟ ಆಡಿಸುತ್ತಿದ್ದಾನೆ. ಜಗಳ ಆಡಲೆಂದೇ ಹೋದೆ. ಅವನು ಯಾಕೆ ತಡ ಅಂತ ಹೇಳತೊಡಗಿದ. ಹೇಳಿ ಮುಗಿಸುವಷ್ಟರಲ್ಲಿ ಗೊತ್ತಾಯಿತು, ತಲೆಯಲ್ಲಿ ಒಂದು ಸಣ್ಣ ಬಿರುಕಿನ ಅನುಮಾನ ಬಂದು ಬಣ್ಣ ಹಾಕಿ ಪರೀಕ್ಷೆ ಮಾಡುತ್ತಿದ್ದನಂತೆ. ಬಿರುಕಿಲ್ಲ. ನನ್ನ ಜಗಳ ಹಾಗೇ ಉಳಿಯಿತು.

ಇವರು ಊಟಕ್ಕೆ ಕೂತಾಗ ಆಫೀಸಿನ ಯಾವುದೋ ಲಿಫ್ಟಿನ ಕಥೆ ಹೇಳಿದರು. ಉದ್ದವಾದ ಕಥೆ. ಕೊನೆಗೆ ನಗು ಬಂತು.

ಡಿಸೆಂಬರ್ ೩೧, ಬುಧವಾರ

ಕಾರು ಜೋಡಿಸಿಯಾಯಿತು. ಹತ್ತು ಬೋಲ್ಟನ್ನೂ ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಅಳತೆಯ ಪಾನಾದಿಂದ ಬಿಗಿದೆ. ನಲ್ಲಿ ನೀರಿನ ಬದಲು ಚಳಿಗೆ ಹೆಪ್ಪುಗಟ್ಟದ ಕೂಲೆಂಟ್ ತುಂಬಿದೆ. ಅವರು ತೆಗೆದುಕೊಂಡು ಹೋದರು. ಹ್ಯಾಚರಿಯವರು ಕಾಗದ ನೋಡಿ ಇನ್ನೊಂದು ಅವಕಾಶ ಕೊಟ್ಟಿದ್ದಾರೆ, ಒಂದೇ ಒಂದು. ಶುಕ್ರವಾರ ಆರು ಪೆಟ್ಟಿಗೆ.

ಗ್ಯಾಸ್ಕೆಟ್ ಸರಿಯಾಗಿ ಕೂತಿದೆಯೋ ಇಲ್ಲವೋ, ಆ ಎರಡು ತುಕ್ಕು ಬೋಲ್ಟಿನ ಜಾಗ…

ಜನವರಿ ೨, ಶುಕ್ರವಾರ

ಇಷ್ಟು ದಿನದಲ್ಲಿ ಇವತ್ತಿನಷ್ಟು ಚಳಿ ಇರಲಿಲ್ಲ. ನಲ್ಲಿಯ ನೀರು ಹೆಪ್ಪುಗಟ್ಟಿತ್ತು. ಬೆಳಗ್ಗಿನಿಂದ ಕೆಲಸಕ್ಕೆ ಕೈ ಹತ್ತಲಿಲ್ಲ. ಎಂಟಾಯಿತು, ಒಂಬತ್ತಾಯಿತು. ಎಲ್ಲೋ ಅರ್ಧ ದಾರಿಯಲ್ಲಿ ನಿಂತಿರಬೇಕು ಅಂತಲೇ ಗಟ್ಟಿ ಮಾಡಿಕೊಂಡೆ. ತಮ್ಮನ ಮೇಲೆ ಎರಡು ಸಲ ರೇಗಿದೆ.

ಹತ್ತಕ್ಕೆ ಫೋನು. ಎತ್ತಿದರೆ ಆ ಕಡೆ ಮಾತಿಲ್ಲ. ಯಾರೋ ಉಸಿರಾಡುತ್ತಿರುವುದು ಮಾತ್ರ ಕೇಳಿಸುತ್ತಿತ್ತು. ತಮ್ಮ, "ಯಾರೋ ತರಲೆ ಮಾಡ್ತಿದಾರೆ, ಇಡಕ್ಕಾ," ಅಂತ ಸನ್ನೆ ಮಾಡಿದ. ಬ್ರೇಕ್ ಪ್ಯಾಡ್ ಹಾಕಿಸಲು ಬಂದವರು ಸ್ಟೂಲಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದರು. ನಾನು ಫೋನನ್ನು ಭುಜಕ್ಕೂ ಕಿವಿಗೂ ಮಧ್ಯೆ ಸಿಕ್ಕಿಸಿಕೊಂಡು ಚಹಾ ಹೀರುತ್ತಾ ನಿಂತೆ.

"ಒಂದೇ ಸಲಕ್ಕೆ ಶುರುವಾಯ್ತು ಅಕ್ಕಾ."

ಹೀಟರ್ ಬಿಸಿ ಬಂತಂತೆ. ಆರು ಪೆಟ್ಟಿಗೆಯೂ ಬದುಕಿವೆಯಂತೆ. ಫಾರ್ಮಿನ ಅಜ್ಜಿ ಒಂದು ಮರಿಯನ್ನು ಕೆನ್ನೆಗೆ ಒತ್ತಿಕೊಂಡು, ಇದು ನನಗಿಂತ ಬೆಚ್ಚಗಿದೆಯಲ್ಲೋ ಅಂದರಂತೆ. ಅಷ್ಟಕ್ಕೇ ಇಡಬಹುದಿತ್ತಲ್ಲ? ಇಲ್ಲ. ದಾರಿಯಲ್ಲಿ ಸೂರ್ಯ ಹುಟ್ಟಿದ್ದನ್ನು ಹೇಳಿದರು. ಶಾಖ ಜಾಸ್ತಿಯಾಗಿ ಮಫ್ಲರು ತೆಗೆದಿಟ್ಟದ್ದನ್ನು ಹೇಳಿದರು. ಹದಿನೆಂಟು ವರ್ಷದಿಂದ ಮರಿ ಸಾಗಿಸುತ್ತಿದ್ದಾರಂತೆ. ಮರಿಗಳು ಕತ್ತಲೆಯಲ್ಲಿ ಒಂದು ಥರ ಕೂಗುತ್ತವಂತೆ, ಬೆಳಕು ಬಿದ್ದ ಮೇಲೆ ಇನ್ನೊಂದು ಥರ. ಅದು ಯಾವ ಥರ ಅಂತ ನಾನೇ ಕೇಳಿದೆ. ಕೇಳಬಾರದಿತ್ತು, ಅದಕ್ಕೆ ಇನ್ನೂ ಹತ್ತು ನಿಮಿಷ ಹಿಡಿಯಿತು.

ಚಹಾ ತಣ್ಣಗಾಯಿತು. ಬ್ರೇಕ್ ಪ್ಯಾಡಿನವರು ಕಾದು ಕಾದು, ನಾಳೆ ಬರ್ತೀನಿ ಅಂತ ತಮ್ಮನಿಗೆ ಹೇಳಿ ಎದ್ದುಹೋದರು. ಇಡೀ ಬೆಳಗಿನ ಕೆಲಸ ಹಾಳು.